ಕಾಳಜದ ತುಣುಕು ಕೊಡುವ ಮುನ್ನ

ಮ್ಹೈಸಾಳದಲ್ಲಿ ಕನ್ನಡ ಮತ್ತು ಮರಾಠಿ ಒಂದೇ ಅಂಗಳದಲ್ಲಿ ಆಡಿ ಬೆಳೆದ ಭಾಷೆಗಳು. ಕೃಷ್ಣೆಯ ದಂಡೆಯ ಈ ಊರು ಸಾಂಗಲಿ ಜಿಲ್ಲೆಯ ಮಿರಜ್ ತಾಲೂಕಿಗೆ ಸೇರಿದ್ದು. ಕಾಗವಾಡದ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಕರ್ನಾಟಕ. ಮಗುವನ್ನು ಮುದ್ದಿಸುವಾಗ ಮರಾಠಿಯಲ್ಲಿ ‘ಕಾಳಜಾಚಾ ತುಕಡಾ’ ಎನ್ನುತ್ತಾರೆ, ಕಾಳಜದ ತುಣುಕು. ಕಾಳೀಜ ಅಂದರೆ ಆಡುಮಾತಿನಲ್ಲಿ ಎದೆ, ಜೀವ, ಧೈರ್ಯ. ನಿಘಂಟು ತೆರೆದರೆ ಅದರ ಮೊದಲ ಅರ್ಥ ಯಕೃತ್ತು, ನಾವು ದಿನಬಳಕೆಯಲ್ಲಿ ಲಿವರ್ ಎನ್ನುವುದು. ಪ್ರೀತಿಗೆ ಆಡುತ್ತಿದ್ದ ಈ ಮಾತು ಈಗ ಆಪರೇಷನ್ ಥಿಯೇಟರಿನಲ್ಲಿ ಅಕ್ಷರಶಃ ನಡೆಯುತ್ತದೆ. ಮಗಳ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ತೆಗೆದು ಅಪ್ಪನಿಗೆ ಜೋಡಿಸುತ್ತಾರೆ. ತಾಯಿಯದೊಂದು ಹೋಳನ್ನು ಹಸುಗೂಸಿಗೆ ಇಡುತ್ತಾರೆ.

ಈ ಭಾಗದವರಿಗೆ ದವಾಖಾನೆ ಎಂದರೆ ಮಿರಜ್. ಕೆನಡಾದ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಇಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದ ಅಥಣಿ, ಚಿಕ್ಕೋಡಿ, ವಿಜಯಪುರದ ಕಡೆಯ ರೋಗಿಗಳು ಇಲ್ಲಿಗೆ ಬರುತ್ತಿದ್ದಾರೆ. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಬಂತು. ಆದರೂ ಯಕೃತ್ತಿನ ಕಸಿಯ ಮಾತೆದ್ದಾಗ ಇಲ್ಲಿಯ ಕುಟುಂಬಗಳು ಹೆಚ್ಚಾಗಿ ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದಿನತ್ತ ಮುಖ ಮಾಡುತ್ತವೆ. ಮಿರಜಿನಿಂದ ಪುಣೆಗೇ ರೈಲು ದಾರಿ ಸುಮಾರು 280 ಕಿ.ಮೀ. ಆ ರೈಲು ಹತ್ತುವ ಮೊದಲು ಮನೆಯ ಪಡಸಾಲೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: “ಯಾರು ಕೊಡ್ತಾರ?”

ನನ್ನ ತಕರಾರು ಇರುವುದು ಈ ಪ್ರಶ್ನೆ ಮೊದಲು ಬರುವುದರ ಬಗ್ಗೆ. ಅದಕ್ಕೂ ಮುಂಚೆ “ಯಾರು ಕೊಡಬಹುದು?” ಎಂದು ಕೇಳಬೇಕು. ಅದರ ಬೆನ್ನಿಗೇ “ಕೊಟ್ಟವರ ಗತಿ ಮುಂದೇನು?” ಎಂದೂ ಕೇಳಬೇಕು. ವೈದ್ಯಶಾಸ್ತ್ರ, ಕಾನೂನು, ಮನೆತನ ಮೂರೂ ಕೂಡುವ ಈ ವಿಷಯವನ್ನು ಕೊಡುವವರ ಕಡೆಯಿಂದ ನೋಡೋಣ.

ಮತ್ತೆ ಬೆಳೆಯುವ ಅಂಗ

ಜೀವಂತ ದಾನಿಯಿಂದ ಯಕೃತ್ತು ಪಡೆಯುವ ಪ್ರಯತ್ನ ಮೊದಲು ನಡೆದದ್ದು 1988ರಲ್ಲಿ, ಬ್ರೆಜಿಲ್‌ನಲ್ಲಿ. ಅದು ಕೈಗೂಡಲಿಲ್ಲ. 1989ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಡಾ. ರಸೆಲ್ ಸ್ಟ್ರಾಂಗ್ ಜಪಾನಿ ತಾಯಿಯೊಬ್ಬಳ ಯಕೃತ್ತಿನ ತುಂಡನ್ನು ಅವಳ ಮಗನಿಗೆ ಕಸಿ ಮಾಡಿ ಯಶಸ್ಸು ಕಂಡರು. ಭಾರತದಲ್ಲಿ 1998ರ ನವೆಂಬರಿನಲ್ಲಿ ದೆಹಲಿಯಲ್ಲಿ ಕಾಂಚೀಪುರಂ ಕಡೆಯ 20 ತಿಂಗಳ ಕೂಸಿಗೆ ತಂದೆಯ ಯಕೃತ್ತಿನ ಭಾಗ ಸಿಕ್ಕಿತು. ಆ ಕೂಸು ಮುಂದೆ ಓದಿ ವೈದ್ಯನಾದ.

ಆರಂಭದಲ್ಲಿ ಪಡೆಯುವವರೆಲ್ಲ ಮಕ್ಕಳೇ. ಅವರಿಗೆ ದೊಡ್ಡವರ ಯಕೃತ್ತಿನ ಎಡಬದಿಯ ಸಣ್ಣ ತುಂಡು, ಒಟ್ಟಿನ ಕಾಲು ಭಾಗದಷ್ಟು, ಸಾಕು. ದೊಡ್ಡವರಿಗೆ ಅಷ್ಟರಲ್ಲಿ ಆಗುವುದಿಲ್ಲ. 1996ರಲ್ಲಿ ಹಾಂಗ್‌ಕಾಂಗಿನ ಶಸ್ತ್ರವೈದ್ಯರು ಬಲಭಾಗವನ್ನೇ ತೆಗೆದು ದೊಡ್ಡವರಿಗೆ ಜೋಡಿಸಿದರು. ಇಂದು ನಮ್ಮಲ್ಲಿ ದೊಡ್ಡವರ ಕಸಿಗೆ ಹೆಚ್ಚಾಗಿ ಬಳಸುವುದು ಒಟ್ಟಿನ 60ರಿಂದ 65 ಶೇಕಡಾ ಇರುವ ಈ ಬಲಭಾಗವನ್ನು. ಅದರ ಜತೆ ಪಿತ್ತಕೋಶವೂ ಹೋಗುತ್ತದೆ.

ಇಷ್ಟು ತೆಗೆದ ಮೇಲೆ ಮನುಷ್ಯ ಬದುಕುವುದು ಯಕೃತ್ತು ಮರಳಿ ಬೆಳೆಯುವುದರಿಂದ. ಉಳಿದ ಭಾಗ ಮೊದಲ ವಾರದಲ್ಲೇ ಹಿಗ್ಗತೊಡಗಿ, ಎರಡು ಮೂರು ತಿಂಗಳಲ್ಲಿ ಮೊದಲಿನ ಗಾತ್ರದ ಹತ್ತಿರ ಬರುತ್ತದೆ. ಕಡಿದ ಬಲಭಾಗ ಮಾತ್ರ ಮತ್ತೆ ಮೂಡುವುದಿಲ್ಲ, ಇದ್ದ ಎಡಭಾಗವೇ ದೊಡ್ಡದಾಗುತ್ತದೆ. ಆದ್ದರಿಂದ ಯಕೃತ್ತು ಕೊಡುವ ಅವಕಾಶ ಜೀವನದಲ್ಲಿ ಒಂದೇ ಸಲ. “ಬೆಳೀತದಲ್ಲ, ಚಿಂತಿ ಯಾಕ?” ಎಂದು ದಾನಿಯ ಬೆನ್ನು ತಟ್ಟುವವರು ಆ ಎರಡು ಮೂರು ತಿಂಗಳ ಕಥೆಯನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಪಡಸಾಲೆಯ ಲೆಕ್ಕ, ಸ್ಕ್ಯಾನಿನ ಲೆಕ್ಕ

ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪನಿಗೆ 58 ವರ್ಷ, ಸಿರೋಸಿಸ್, ತೂಕ 60 ಕಿಲೋ. ದೊಡ್ಡ ಮಗ 38ರವನು, ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾನೆ. ಮಗಳಿಗೆ 29, ಕಾಗವಾಡಕ್ಕೆ ಕೊಟ್ಟಿದ್ದಾರೆ, ನಾಲ್ಕು ವರ್ಷದ ಕೂಸಿದೆ. ಮನೆಯವರ ಲೆಕ್ಕದಲ್ಲಿ ಮಗನೇ ದಾನಿ. “ಗಟ್ಟಿಮುಟ್ಟ ಇದ್ದಾನ, ಅವನs ಕೊಡ್ಲಿ” ಎಂದು ಕಾಕಾ ತೀರ್ಪು ಕೊಟ್ಟಾಗಿದೆ.

ಆಸ್ಪತ್ರೆಯ ಲೆಕ್ಕ ಬೇರೆ ಕಡೆಯಿಂದ ಶುರುವಾಗುತ್ತದೆ. ವಯಸ್ಸು 18 ದಾಟಿರಬೇಕು, ಸಾಮಾನ್ಯವಾಗಿ 50–55ರ ಒಳಗಿರಬೇಕು. ರಕ್ತದ ಗುಂಪು ಹೊಂದಬೇಕು: ಓ ಗುಂಪಿನವರು ಎಲ್ಲರಿಗೂ ಕೊಡಬಹುದು, ಎಬಿ ಗುಂಪಿನವರು ಎಲ್ಲರಿಂದಲೂ ಪಡೆಯಬಹುದು. ಪಾಸಿಟಿವ್–ನೆಗೆಟಿವ್ ಅಡ್ಡಿಯಾಗುವುದಿಲ್ಲ. ಮೂತ್ರಪಿಂಡದ ಕಸಿಯಲ್ಲಿ ನೋಡುವ ಅಂಗಾಂಶ ಹೊಂದಾಣಿಕೆಗೆ ಇಲ್ಲಿ ಅಷ್ಟು ಮಹತ್ವವಿಲ್ಲ. ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ಪರಸ್ಪರ ದಾನಿಗಳನ್ನು ಬದಲಿಸಿಕೊಳ್ಳುವ ‘ಸ್ವಾಪ್’ ವ್ಯವಸ್ಥೆಗೆ ಕಾನೂನಿನಲ್ಲಿ ಜಾಗವಿದೆ.

ಆಮೇಲೆ ತೂಕ. ಎತ್ತರ 170 ಸೆಂ.ಮೀ., ತೂಕ 88 ಕಿಲೋ ಇರುವ ಮಗನ ಬಿ.ಎಂ.ಐ. 30 ದಾಟುತ್ತದೆ. ಸ್ಕ್ಯಾನಿನಲ್ಲಿ ಯಕೃತ್ತಿಗೆ ಕೊಬ್ಬು ಹತ್ತಿದ್ದು ಕಾಣುತ್ತದೆ. ಕಾಕಾ ಹೇಳಿದ ಗಟ್ಟಿಮುಟ್ಟು ಅಲ್ಲಿಗೇ ನಿಲ್ಲುತ್ತದೆ.

ಮಗಳ ಸರದಿ. ಸಿ.ಟಿ. ಸ್ಕ್ಯಾನಿನಲ್ಲಿ ಯಕೃತ್ತನ್ನು ಪದರ ಪದರವಾಗಿ ಅಳೆಯುತ್ತಾರೆ. ಅವಳ ಯಕೃತ್ತು ಒಟ್ಟು 1,050 ಗ್ರಾಂ, ಬಲಭಾಗ 650, ಉಳಿಯುವ ಎಡಭಾಗ 400 ಎಂದು ಇಟ್ಟುಕೊಳ್ಳಿ. ಪಡೆಯುವವನ ದೇಹತೂಕದ ಶೇಕಡಾ 0.8ರಷ್ಟಾದರೂ ತುಂಡು ಬೇಕು ಎಂಬುದು ರೂಢಿಯ ನಿಯಮ. 60 ಕಿಲೋದ ಅಪ್ಪನಿಗೆ ಅದು 480 ಗ್ರಾಂ. 650 ಗ್ರಾಂ ಧಾರಾಳವಾಯಿತು. ದಾನಿಯಲ್ಲಿ ಕನಿಷ್ಠ 30 ಶೇಕಡಾ ಉಳಿಯಬೇಕು; ಹಲವು ತಂಡಗಳು 35ಕ್ಕೆ ಹಟ ಹಿಡಿಯುತ್ತವೆ. ಅವಳಲ್ಲಿ ಉಳಿಯುವುದು 38. ಲೆಕ್ಕ ಕೂಡಿತು. ಅದೇ 1,050 ಗ್ರಾಮಿನಲ್ಲಿ ಎಡಭಾಗ 280 ಮಾತ್ರ ಇದ್ದಿದ್ದರೆ ಅಪ್ಪ ಎಷ್ಟೇ ಸೀರಿಯಸ್ ಇದ್ದರೂ ಒಳ್ಳೆಯ ಶಸ್ತ್ರವೈದ್ಯ ಬೇಡವೆಂದೇ ಹೇಳಬೇಕು.

ಗ್ರಾಂ ಸರಿಹೋದರೂ ಒಳಗಿನ ಕೊಳವೆಗಳು ಕೈಕೊಡಬಹುದು. ಎಂ.ಆರ್.ಸಿ.ಪಿ. ಸ್ಕ್ಯಾನಿನಲ್ಲಿ ಪಿತ್ತನಾಳಗಳ ಕವಲು ನೋಡುತ್ತಾರೆ, ಸಿ.ಟಿ.ಯಲ್ಲಿ ರಕ್ತನಾಳಗಳ ಕವಲು. ಒಬ್ಬೊಬ್ಬರಲ್ಲಿ ಅವು ಒಂದೊಂದು ರೀತಿ ಒಡೆದಿರುತ್ತವೆ. ಹೊಲಕ್ಕೆ ನೀರು ಬಿಡುವವರಿಗೆ ಇದು ಬೇಗ ತಿಳಿಯುತ್ತದೆ: ಉಳಿಯುವ ಹೊಲದ ಕಾಲುವೆ ಕಡಿಯದೆ ಪಕ್ಕದ ಹೊಲಕ್ಕೆ ಕಾಲುವೆ ತೆಗೆಯಲು ಬರುವುದೋ ಇಲ್ಲವೋ ಎಂಬುದು ಕವಲು ಎಲ್ಲಿ ಒಡೆದಿದೆ ಎಂಬುದರ ಮೇಲೆ. ಜತೆಗೆ ಹೃದಯ, ಶ್ವಾಸಕೋಶ, ಮೂತ್ರಪಿಂಡ, ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳು, ಹೆಪಟೈಟಿಸ್ ಬಿ, ಸಿ, ಎಚ್.ಐ.ವಿ., ಹೆಂಗಸರಿಗೆ ಸ್ತ್ರೀರೋಗ ತಜ್ಞರ ತಪಾಸಣೆ ಹಾಗೂ ಗರ್ಭಪರೀಕ್ಷೆ, ಕೊನೆಗೆ ಮನೋವೈದ್ಯರ ಜತೆ ಮಾತು.

ಕೊಬ್ಬು, ಕಾಮಣಿ, ಕಷಾಯ

ನಮ್ಮ ಕಡೆ ದಾನಿಗಳು ಹಿಂದೆ ಬೀಳಲು ದೊಡ್ಡ ಕಾರಣ ಕೊಬ್ಬಿದ ಯಕೃತ್ತು. ಕುಡಿಯದವರಿಗೂ, ಸಸ್ಯಾಹಾರಿಗೂ, ನೋಡಲು ತೆಳ್ಳಗಿರುವವರಿಗೂ ಅದು ಇರಬಹುದು, ನೋವು ಗೀವು ಏನೂ ಇರುವುದಿಲ್ಲ. ಕೇಂದ್ರ ಸರಕಾರ 2021ರಲ್ಲಿ ಇದನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ್ದು ಸುಮ್ಮನೆ ಅಲ್ಲ. ಕೊಬ್ಬು ತುಂಬಿದ ಯಕೃತ್ತು ಪಡೆದವನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಕೊಟ್ಟವನಲ್ಲಿ ಸರಿಯಾಗಿ ಬೆಳೆಯುವುದೂ ಇಲ್ಲ. 2003ರಲ್ಲಿ ಜಪಾನಿನ ಕ್ಯೋಟೋದಲ್ಲಿ ಮಗಳಿಗೆ ಯಕೃತ್ತು ಕೊಟ್ಟ ತಾಯಿಯೊಬ್ಬರು ತೀರಿಕೊಂಡರು, ಆ ದೇಶದ ಮೊದಲ ದಾನಿ ಸಾವು ಅದು. ಮೊದಲು ಪತ್ತೆಯಾಗದ ಕೊಬ್ಬಿನ ಉರಿಯೂತ ಅವರ ಯಕೃತ್ತಿನಲ್ಲಿತ್ತು.

ಇದಕ್ಕೆ ಪರಿಹಾರವೂ ದಾನಿಯ ಕೈಯಲ್ಲೇ ಇದೆ. ದೇಹತೂಕದ ಐದರಿಂದ ಹತ್ತು ಶೇಕಡಾ ಇಳಿಸಿದರೆ ಯಕೃತ್ತಿನ ಕೊಬ್ಬು ಗಮನಾರ್ಹವಾಗಿ ಕರಗುತ್ತದೆ. ಅಪ್ಪನ ಸ್ಥಿತಿ ಎರಡು ತಿಂಗಳು ಕಾಯುವಂತಿದ್ದರೆ, ಸಕ್ಕರೆ, ಕರಿದದ್ದು, ಕುಡಿತ ಬಿಟ್ಟು, ದಿನಾ ಬಿರುಸಾಗಿ ನಡೆದು 88ರಿಂದ 80 ಕಿಲೋಗೆ ಇಳಿದ ಮಗನೇ ದಾನಿಯಾಗಲೂಬಹುದು. ಇಲಿ ಪಾಷಾಣದಂಥ ವಿಷದಿಂದ ಯಕೃತ್ತು ದಿಢೀರನೆ ಕೈಕೊಟ್ಟ ಪ್ರಕರಣಗಳಲ್ಲಿ ಆ ಕಾಲಾವಕಾಶ ಸಿಗುವುದಿಲ್ಲ, ಪರೀಕ್ಷೆಗಳೆಲ್ಲ ಒಂದೆರಡು ದಿನಕ್ಕೆ ಇಳಿಯುತ್ತವೆ. ಅಂಥ ಅವಸರದಲ್ಲಿ ದಾನಿಯ ಪರವಾಗಿ ಯೋಚಿಸುವವರು ಒಬ್ಬರಾದರೂ ಬೇಕು.

ಕಾಮಣಿಗೆ ನಾಟಿ ಔಷಧ ಕುಡಿಯುವುದು ಗಡಿಯ ಎರಡೂ ಕಡೆ ಉಂಟು. ಮನೆಯಲ್ಲಿ ಒಬ್ಬರಿಗೆ ಕಾಮಣಿಯಾದಾಗ ಯಾವ ಬಗೆಯದೆಂದು ರಕ್ತಪರೀಕ್ಷೆ ಮಾಡಿಸಿದವರು ಕಡಿಮೆ. ಹೆಪಟೈಟಿಸ್ ಬಿ ತಾಯಿಯಿಂದ ಮಕ್ಕಳಿಗೆ ದಾಟುವಂಥದ್ದು. ಎಷ್ಟೋ ಮನೆಗಳಲ್ಲಿ ರೋಗಿಗೆ ದಾನಿ ಹುಡುಕಲು ಹೊರಟಾಗ ಅಣ್ಣತಮ್ಮಂದಿರ ರಕ್ತದಲ್ಲೂ ಅದೇ ವೈರಸ್ ಸಿಗುತ್ತದೆ. ದಾನಿ ಆಗದಿದ್ದರೂ ಅವರ ಜೀವ ಉಳಿಸುವ ಸುದ್ದಿ ಅದು.

ಸಾಂಗಲಿಯ ಅರಿಷಿಣ ಹೆಸರುವಾಸಿ, 2018ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಸಾರಿಗೆ ಹಾಕುವ ಚಿಟಿಕೆ ಅರಿಷಿಣದಿಂದ ಯಕೃತ್ತಿಗೆ ಏನೂ ಆಗುವುದಿಲ್ಲ. ಅದೇ ಅರಿಷಿಣದ ಸಾರ ಇಳಿಸಿ ಮೆಣಸಿನ ಅಂಶ ಸೇರಿಸಿದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಅಂಥದೇ ತೊಂದರೆ ಕಂಡಿತೆಂದು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಹೇಗೇ ಇರಲಿ, ದಾನಿ ಆಗಬೇಕೆಂದವರು ಕುಡಿಯುವ ಕಷಾಯ, ನುಂಗುವ ಭಸ್ಮ, ಜಿಮ್ಮಿನ ಪುಡಿ ಎಲ್ಲವನ್ನೂ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಬೇಕು. ಕುಡಿತ, ಬೀಡಿ, ಗುಟ್ಕಾ, ಹಲ್ಲಿಗೆ ಉಜ್ಜುವ ಮಶೇರಿ ಬಿಡಬೇಕು. ಗರ್ಭನಿರೋಧಕ ಗುಳಿಗೆ ನುಂಗುವ ಹೆಂಗಸರು ಅದನ್ನೂ ಹೇಳಬೇಕು. ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದರಿಂದ ಶಸ್ತ್ರಕ್ರಿಯೆಗೆ ಕೆಲವು ವಾರ ಮೊದಲೇ ಅದನ್ನು ನಿಲ್ಲಿಸುತ್ತಾರೆ.

ಸಾವಿರಕ್ಕೆ ಎಷ್ಟು?

ಅಪಾಯದ ಮಾತನ್ನು ಮುಚ್ಚಿಡುವುದು ದಾನಿಗೆ ಮಾಡುವ ಮೊದಲ ಮೋಸ. ಜಗತ್ತಿನ ಅನುಭವದಲ್ಲಿ, ಬಲಭಾಗ ಕೊಟ್ಟವರಲ್ಲಿ ಸಾವಿರಕ್ಕೆ ಇಬ್ಬರಿಂದ ಐವರು, ಎಡಭಾಗ ಕೊಟ್ಟವರಲ್ಲಿ ಸಾವಿರಕ್ಕೆ ಸುಮಾರು ಒಬ್ಬರು ಸಾಯುತ್ತಾರೆಂದು ಅಂದಾಜು. ಸಣ್ಣಪುಟ್ಟದ್ದನ್ನೂ ಸೇರಿಸಿದರೆ ಹತ್ತು ದಾನಿಗಳಲ್ಲಿ ಇಬ್ಬರಿಂದ ನಾಲ್ವರಿಗೆ ಏನಾದರೊಂದು ತೊಡಕು ಆಗುತ್ತದೆ: ಪಿತ್ತ ಸೋರುವುದು, ಸೋಂಕು, ರಕ್ತಸ್ರಾವ, ಕಾಲಿನಲ್ಲಿ ಹೆಪ್ಪು, ಮುಂದೆ ಗಾಯದ ಜಾಗದಲ್ಲಿ ಹರ್ನಿಯಾ. ಬಹುಪಾಲು ಔಷಧಕ್ಕೆ ಬಗ್ಗುತ್ತವೆ, ಕೆಲವಕ್ಕೆ ಮತ್ತೆ ಶಸ್ತ್ರಕ್ರಿಯೆ ಬೇಕಾಗುತ್ತದೆ.

ಸಾವಿರಕ್ಕೆ ಐದು ಸಣ್ಣ ಸಂಖ್ಯೆ. ಆದರೆ ಬೇನೆ ಬಂದವನು ತನ್ನ ಬೇನೆ ಕಳೆಯಲು ಈ ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ. ದಾನಿಗೆ ಬೇನೆಯೇ ಇಲ್ಲ, ಅವಳು ನಡೆದುಕೊಂಡೇ ಆಸ್ಪತ್ರೆಗೆ ಬಂದವಳು. 2002ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತಮ್ಮನಿಗೆ ಯಕೃತ್ತು ಕೊಟ್ಟ ಅಣ್ಣ ಮೂರೇ ದಿನದಲ್ಲಿ ತೀರಿಕೊಂಡಾಗ ಆ ಆಸ್ಪತ್ರೆಯ ದಾನಿ ಕಾರ್ಯಕ್ರಮವೇ ನಿಂತಿತು. ನಮ್ಮಲ್ಲಿ 2024ರ ಸೆಪ್ಟೆಂಬರಿನಲ್ಲಿ ಕರಾವಳಿಯ ಯುವ ಉಪನ್ಯಾಸಕಿಯೊಬ್ಬರು ಗಂಡನ ಕಡೆಯ ಹಿರಿಯ ಸಂಬಂಧಿಗೆ ಬೆಂಗಳೂರಿನಲ್ಲಿ ಯಕೃತ್ತಿನ ಭಾಗ ಕೊಟ್ಟು, ಕೆಲವೇ ದಿನಗಳಲ್ಲಿ ತೊಡಕು ಕಾಣಿಸಿ ಪ್ರಾಣ ಬಿಟ್ಟರು. 2025ರ ಆಗಸ್ಟಿನಲ್ಲಿ ಪುಣೆಯಲ್ಲಿ ಗಂಡನಿಗೆ ಕೊಟ್ಟ ಹೆಂಡತಿ, ಗಂಡ ಹೋದ ವಾರದೊಳಗೆ ತಾವೂ ಹೋದರು. ಇವುಗಳನ್ನು ನೆನೆಯುವುದು ಹೆದರಿಸಲಿಕ್ಕಲ್ಲ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವವರು ಇದು ಗೊತ್ತಿದ್ದೂ ಹಾಕಬೇಕು.

ಮೂರು ಚೆಂಡಿನ ಡಬ್ಬಿ

ಶಸ್ತ್ರಕ್ರಿಯೆ ಐದರಿಂದ ಎಂಟು ತಾಸು ಹಿಡಿಯುತ್ತದೆ. ಬಲ ಪಕ್ಕೆಲುಬಿನ ಕೆಳಗೆ ಉದ್ದ ಗಾಯ; ಕೆಲವು ಕಡೆ ಲ್ಯಾಪರೋಸ್ಕೋಪ್, ರೋಬೋಟ್ ಬಳಸಿ ಗಾಯ ಚಿಕ್ಕದು ಮಾಡುತ್ತಾರೆ. ಐ.ಸಿ.ಯು.ನಲ್ಲಿ ಒಂದೆರಡು ದಿನ. ಕೈಗೆ ಮೂರು ಬಣ್ಣದ ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ಕೊಳವೆಯಿಂದ ಉಸಿರೆಳೆದು ಚೆಂಡು ಮೇಲೇರಿಸಬೇಕು. ಮೊದಲ ದಿನ ಒಂದು ಚೆಂಡು ಅಲುಗಿದರೆ ಹೆಚ್ಚು, ಎಳೆದಾಗೆಲ್ಲ ಹೊಲಿಗೆ ಜಗ್ಗುತ್ತದೆ. ಆಟಿಕೆಯಂತೆ ಕಾಣುವ ಈ ಡಬ್ಬಿಯೇ ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗದಂತೆ ಕಾಯುವುದು. ಹೆಪ್ಪು ಕಟ್ಟದಿರಲು ಕಾಲಿಗೆ ಬಿಗಿ ಕಾಲುಚೀಲ, ಮರುದಿನವೇ ಎಬ್ಬಿಸಿ ನಡೆಸುವುದು.

ಎಲ್ಲ ಸರಿಯಿದ್ದರೆ ವಾರದ ಆಸುಪಾಸಿನಲ್ಲಿ ಡಿಸ್ಚಾರ್ಜ್. ದೂರದವರು ಅದೇ ದಿನ ಊರಿನ ಗಾಡಿ ಹತ್ತುವುದು ಜಾಣತನವಲ್ಲ. ಕೆಲವು ವಾರ ಆಸ್ಪತ್ರೆಯ ಹತ್ತಿರವೇ ಖೋಲಿ ಹಿಡಿದಿರಬೇಕು. ಒಂದೇ ಮನೆಯ ಇಬ್ಬರು ಒಟ್ಟಿಗೆ ಮಲಗಿರುತ್ತಾರೆ, ಎಲ್ಲರ ಕಣ್ಣು ಅಪ್ಪನ ಮೇಲಿರುತ್ತದೆ. ಆದ್ದರಿಂದ ದಾನಿಗೆಂದೇ ಬೇರೆ ಒಬ್ಬರು ಜತೆಗಿರಬೇಕು. ಊರಿಗೆ ಬಂದ ಮೇಲೆ ಜ್ವರ, ಕಣ್ಣು ಹಳದಿ, ಗಾಯದಿಂದ ಹಸಿರು–ಹಳದಿ ನೀರು, ಹೊಟ್ಟೆ ಉಬ್ಬರ, ಒಂದೇ ಕಾಲಿಗೆ ಬಾವು, ಏದುಸಿರು, ಕರಿ ಮಲ ಕಂಡರೆ ಆ ಕೂಡಲೇ ಕಸಿ ತಂಡಕ್ಕೆ ಫೋನು ಹಚ್ಚಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನೋವಿನ ಗುಳಿಗೆಯನ್ನು ಅಂಗಡಿಯಿಂದ ತಂದು ನುಂಗಬಾರದು.

ಕುಳಿತು ಮಾಡುವ ಕೆಲಸಕ್ಕೆ ನಾಲ್ಕರಿಂದ ಆರು ವಾರ ಬೇಕು. ಭಾರ ಎತ್ತುವುದು ಮೂರು ತಿಂಗಳು ಬಂದ್. ತೋಟಕ್ಕೆ ಔಷಧ ಹೊಡೆಯಲು ಬೆನ್ನಿಗೆ ಕಟ್ಟುವ ಪಂಪು ತುಂಬಿದಾಗ 16 ಕಿಲೋ ದಾಟುತ್ತದೆ. ದ್ರಾಕ್ಷಿ ಬಳ್ಳಿ ಕತ್ತರಿಸುವ ಅಕ್ಟೋಬರ್ ಚಾಟಣಿಯ ಹೊತ್ತಿಗೆ ದಾನಿ ತೋಟದಲ್ಲಿ ಇರಲಾರ ಎಂಬುದನ್ನು ಮೊದಲೇ ಲೆಕ್ಕ ಹಾಕಿರಬೇಕು. ಬಸಿರಾಗುವವರು ಸುಮಾರು ಒಂದು ವರ್ಷ ತಡೆಯಬೇಕು. ಪಡೆದವರಿಗೆ ಜೀವನಪರ್ಯಂತ ಮಾತ್ರೆ, ಕೊಟ್ಟವರಿಗೆ ಅದು ಬೇಡ. ಆದರೆ ಮೊದಲ ವರ್ಷದ ತಪಾಸಣೆಗಳು, ಆಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ತಪ್ಪಿಸಬಾರದು. ಕೇಂದ್ರ ಸರಕಾರಿ ನೌಕರರು ಅಂಗದಾನ ಮಾಡಿದರೆ 42 ದಿನಗಳ ವಿಶೇಷ ರಜೆ ಎಂದು 2023ರಲ್ಲಿ ಆದೇಶವಾಗಿದೆ. ಹೊಲದಲ್ಲಿ ದುಡಿಯುವವರಿಗೆ ಆ ರಜೆ ಕೊಡುವವರು ಮನೆಯವರೇ.

ಸೊಸೆಯೂ ಕಾನೂನೂ

1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮೊದಲು ಜಾರಿಯಾದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು. ಅದರ ಪ್ರಕಾರ ಹತ್ತಿರದ ಸಂಬಂಧಿ ಎಂದರೆ ಗಂಡ–ಹೆಂಡತಿ, ಮಕ್ಕಳು, ತಂದೆ–ತಾಯಿ, ಒಡಹುಟ್ಟಿದವರು. 2011ರ ತಿದ್ದುಪಡಿ ಅಜ್ಜ–ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು. ಸೊಸೆ, ಅಳಿಯ, ಸೋದರಮಾವ, ಕಾಕಾನ ಮಕ್ಕಳು ಈ ಪಟ್ಟಿಯಲ್ಲಿಲ್ಲ. ಅವರು ಕೊಡಬೇಕಾದರೆ ಅಧಿಕಾರ ಸಮಿತಿಯ ಮುಂದೆ ಹಾಜರಾಗಿ, ಪ್ರೀತಿಯಿಂದ ಕೊಡುತ್ತಿದ್ದೇವೆ, ಹಣಕ್ಕಾಗಿ ಅಲ್ಲ ಎಂದು ಮನವರಿಕೆ ಮಾಡಬೇಕು. ಅಂಗದ ವ್ಯಾಪಾರಕ್ಕೆ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿವರೆಗೆ ದಂಡ.

ಗಡಿಯ ಮನೆಗಳಿಗೆ ಇನ್ನೊಂದು ತೊಡಕುಂಟು. ಹೆಣ್ಣು ಕರ್ನಾಟಕದಲ್ಲಿ ಹುಟ್ಟಿ, ಮಹಾರಾಷ್ಟ್ರಕ್ಕೆ ಸೊಸೆಯಾಗಿ ಬಂದಿರುತ್ತಾಳೆ. ಶಾಲೆಯ ದಾಖಲೆ ಕನ್ನಡದಲ್ಲಿ ತವರಿನ ಹೆಸರಿಗೆ, ರೇಷನ್ ಕಾರ್ಡ್ ಮರಾಠಿಯಲ್ಲಿ ಗಂಡನ ಮನೆಯ ಹೆಸರಿಗೆ, ಆಧಾರಿನಲ್ಲಿ ಮೂರನೆಯ ಕಾಗುಣಿತ. ಸಂಬಂಧ ಸಾಬೀತಾಗಬೇಕಾದದ್ದು ಇಂಥ ಕಾಗದಗಳಿಂದಲೇ, ಆಗದಿದ್ದರೆ ಡಿ.ಎನ್.ಎ. ಪರೀಕ್ಷೆ. ಇದನ್ನು ರೋಗ ಕೈಮೀರುವ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಕಾಯ್ದೆಯ 2014ರ ನಿಯಮಗಳಲ್ಲಿ ಹೆಚ್ಚು ಜನ ಓದದ ಒಂದು ಮಾತಿದೆ: ದಾನಿ ಹೆಂಗಸಾಗಿದ್ದರೆ ಹೆಚ್ಚಿನ ಎಚ್ಚರ ಬೇಕು, ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೆಯವರಿಂದ ಖಚಿತಪಡಿಸಿಕೊಳ್ಳಬೇಕು. ಕಾರಣ ಸಂಖ್ಯೆಯಲ್ಲಿದೆ. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯಾದ ನೊಟ್ಟೊ ಅಂಕಿಅಂಶದಂತೆ 2019ರಿಂದ 2023ರವರೆಗೆ ದೇಶದಲ್ಲಿ ಎಲ್ಲ ಅಂಗಗಳೂ ಸೇರಿ ಆದ 56,509 ಜೀವಂತ ದಾನಗಳಲ್ಲಿ 36,038 ಹೆಂಗಸರವು. ಪಡೆದವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಗಂಡಸರು. ಗಂಡಸರ ಯಕೃತ್ತಿಗೆ ಕೊಬ್ಬು, ಕುಡಿತ ಹೆಚ್ಚು ಎಂಬುದು ಇದರ ಒಂದು ಅಂಶ ಮಾತ್ರ. “ಅವನು ದುಡಿಯೋವಾ, ಅವಂಗ ಏನಾರ ಆದರ?” ಎಂಬ ಪಡಸಾಲೆಯ ಮಾತು ಇನ್ನೊಂದು. ಮನೆಯಲ್ಲಿ ಹಗಲಿಡೀ ದುಡಿಯುವವಳ ದುಡಿಮೆ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಬೇಡ ಎನ್ನುವ ಹಕ್ಕು

ಒಳ್ಳೆಯ ಕಸಿ ಕೇಂದ್ರದಲ್ಲಿ ದಾನಿಯ ಪರ ನೋಡುವ ವೈದ್ಯರು ಬೇರೆ, ರೋಗಿಯ ವೈದ್ಯರು ಬೇರೆ ಇರುತ್ತಾರೆ. ದಾನಿಯನ್ನು ಒಬ್ಬರೇ ಕೂರಿಸಿ ಮಾತಾಡುತ್ತಾರೆ. ಥಿಯೇಟರಿಗೆ ಹೋಗುವ ಕೊನೆಯ ಗಳಿಗೆಯವರೆಗೂ ಬೇಡ ಎನ್ನಲು ಬರುತ್ತದೆ. ಹಾಗೆ ಹಿಂದೆ ಸರಿದವರ ಬಗ್ಗೆ “ವೈದ್ಯಕೀಯವಾಗಿ ಹೊಂದುವುದಿಲ್ಲ” ಎಂದಷ್ಟೇ ಮನೆಯವರಿಗೆ ತಿಳಿಸುವುದು ಹಲವು ಕಡೆಯ ರೂಢಿ. ಅದರಿಂದ ತವರಿಗೂ ಗಂಡನ ಮನೆಗೂ ಅವಳ ಮುಖ ಉಳಿಯುತ್ತದೆ. ನಮ್ಮ ಊಹೆಯ ಮನೆಯ ಮಗಳನ್ನು “ನಿಜಕ್ಕೂ ನಿಮಗೆ ಮನಸ್ಸಿದೆಯಾ, ತಾಯಿ?” ಎಂದು ಯಾರೂ ಒಬ್ಬಳನ್ನೇ ಕರೆದು ಕೇಳದಿದ್ದರೆ, ಆ 650 ಗ್ರಾಮಿನ ಲೆಕ್ಕ ಎಷ್ಟು ಕರಾರುವಾಕ್ಕಾಗಿದ್ದರೂ ಪರೀಕ್ಷೆ ಅರ್ಧಕ್ಕೇ ನಿಂತಂತೆ.

ಇಷ್ಟೆಲ್ಲ ಭಾರ ಜೀವಂತ ದಾನಿಯ ಮೇಲೆ ಬೀಳುವುದು ಮೆದುಳು ಸತ್ತವರಿಂದ ಅಂಗ ಸಿಗುವುದು ನಮ್ಮಲ್ಲಿ ಕಡಿಮೆ ಇರುವುದರಿಂದ. ಅಮೆರಿಕದಲ್ಲಿ ಜೀವಂತ ದಾನಿಯ ಯಕೃತ್ತು ನೂರಕ್ಕೆ ಆರೇಳು ಮಾತ್ರ. ನಮ್ಮಲ್ಲಿ ಬಹುಪಾಲು ಅದೇ. ಸಾಂಗಲಿ–ಮಿರಜ್ ಭಾಗಕ್ಕೆ ಪುಣೆಯ ವಲಯ ಕಸಿ ಸಮನ್ವಯ ಕೇಂದ್ರ, ಕರ್ನಾಟಕಕ್ಕೆ ‘ಜೀವಸಾರ್ಥಕತೆ’ ಇಂಥ ಅಂಗಗಳ ಹಂಚಿಕೆ ನೋಡುತ್ತವೆ. ಮನೆಯಲ್ಲಿ ದಾನಿ ಇದ್ದರೂ ರೋಗಿಯ ಹೆಸರನ್ನು ಆ ಸರದಿಗೆ ಬರೆಸಬಹುದೇ ಎಂದು ವೈದ್ಯರನ್ನು ಕೇಳಿ.

ಕೊಡುವುದು ದೊಡ್ಡದು, ಅದರಲ್ಲಿ ಮಾತಿಲ್ಲ. ಸರಿಯಾಗಿ ಆರಿಸಿದ ದಾನಿಗಳಲ್ಲಿ ಬಹುಪಾಲು ಜನ ತಿಂಗಳುಗಳಲ್ಲಿ ತಮ್ಮ ಮೊದಲಿನ ಬದುಕಿಗೆ ಮರಳುತ್ತಾರೆ. ಆ ‘ಸರಿಯಾಗಿ ಆರಿಸಿದ’ ಎಂಬ ಮಾತಿನಲ್ಲೇ ಎಲ್ಲ ಇದೆ. ಆದ್ದರಿಂದ ಗಡಿಯ ಈಚೆಯ, ಆಚೆಯ ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮನೆಯಲ್ಲಿ ಇಂಥ ಪ್ರಸಂಗ ಬಂದರೆ ಪರೀಕ್ಷೆಯ ವರದಿಗಳು ಕೈಗೆ ಬರುವವರೆಗೆ ಯಾರ ಹೆಸರನ್ನೂ ಹೇಳಬೇಡಿ. ಬಂದ ಮೇಲೂ, ಹೆಸರು ಹೇಳುವ ಹಕ್ಕು ಕೊಡುವವರದೊಂದೇ.